ಲಾಭ, ಎರಡು, ಮೂರು, ನಾಲ್ಕು

ಹಸಿ ಗಂಧದ ವಾಸನೆ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ದೇವರ ಮನೆಯದು ತಣ್ಣಗಿರುತ್ತದೆ, ಮದುವೆಮನೆಯದಕ್ಕೆ ಪನ್ನೀರು ಬೆರೆತಿರುತ್ತದೆ. ನನ್ನನ್ನು ಕಾಡುವುದು ಬಿಸಿ ಯಂತ್ರದ ಮೇಲೆ ಹಚ್ಚಿದ ಗಂಧದ ವಾಸನೆ. ಪ್ರತಿವರ್ಷ ದಸರಾ ರಜೆ ಶುರುವಾಗುವ ಮುಂಚೆ, ನಾನು ಪಾಠ ಹೇಳುವ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಆಯುಧಪೂಜೆ ಮಾಡಿಬಿಡುತ್ತಾರೆ. ಆಯಾ ತಟ್ಟೆ ಹಿಡಿದು ಒಂದೊಂದು ಪರದೆಯ ಹಣೆಗೂ ಗಂಧ, ಕುಂಕುಮ ಇಡುತ್ತಾ ಬರುತ್ತಾರೆ. ಆಗಷ್ಟೇ ಆರಿಸಿದ ಕಂಪ್ಯೂಟರುಗಳ ಬಿಸಿ ಧೂಳಿನ ವಾಸನೆ, ಅದರ ಮೇಲೆ ಗಂಧ. ಎಲ್ಲರೂ ಕಡಲೆಪುರಿಗೆ ಕೈಯೊಡ್ಡಿ ನಿಂತಿರುವಾಗ ನಾನು ಏನೋ ನೆಪ ಹೇಳಿ ಹೊರಗೆ ಬಂದು ಕಾರಿಡಾರಿನಲ್ಲಿ ನಿಲ್ಲುತ್ತೇನೆ. ಆ ವಾಸನೆ ಚಾಮರಾಜಪೇಟೆಯ ನಮ್ಮ ಮನೆಯ ಉಗ್ರಾಣದ್ದು. ಆ ಉಗ್ರಾಣ ಈಗಿಲ್ಲ, ಮನೆಯೂ ಇಲ್ಲ. ಆ ಮನೆಯ ಸದ್ದು ಮಾತ್ರ ಜಪಾನಿನಲ್ಲಿದೆ. ನಗಬೇಡಿ, ನಿಜವಾಗಿಯೂ ಅಲ್ಲೇ ಇದೆ.

ಐದನೇ ಮುಖ್ಯರಸ್ತೆಯಲ್ಲಿದ್ದ ಆ ಮನೆಗೆ ಅಗಲಕ್ಕಿಂತ ಉದ್ದವೇ ಹೆಚ್ಚು. ಮುಂದೆ ಕೆಂಪು ಗಾರೆಯ ಜಗಲಿ, ಆಮೇಲೆ ಹಜಾರ, ನಡುಮನೆ, ಅಡುಗೆಮನೆ, ಕೊನೆಗೆ ಹಂಡೆಯೊಲೆಯ ಬಚ್ಚಲು. ಬೀದಿಬಾಗಿಲಲ್ಲಿ ನಿಂತು ಕರೆದರೆ ಹಿತ್ತಿಲಿನಲ್ಲಿದ್ದವರಿಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ನಮ್ಮ ಮನೆಯವರೆಲ್ಲರಿಗೂ ಜೋರಾಗಿ ಮಾತಾಡುವ ಅಭ್ಯಾಸ. ಬೆಳಗ್ಗೆ ಹುರಿದ ಕಾಫಿಬೀಜದ ಘಮ ಮಧ್ಯಾಹ್ನದವರೆಗೂ ನಡುಮನೆಯಲ್ಲಿ ಕೂತಿರುತ್ತಿತ್ತು. ಅಡುಗೆಮನೆಗೆ ಅಂಟಿಕೊಂಡಂತೆ ಉಗ್ರಾಣ. ಅಂಗೈಯಗಲದ ಗವಾಕ್ಷಿ ಬಿಟ್ಟರೆ ಅದಕ್ಕೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಅಕ್ಕಿಮೂಟೆ, ರಾಗಿಮೂಟೆ, ಅವುಗಳ ಮೇಲೆ ನೆಂಟರು ಬಂದಾಗ ಮಾತ್ರ ಬಿಚ್ಚುವ ಹಾಸಿಗೆ ಸುರುಳಿಗಳು, ಮೂಲೆಯಲ್ಲಿ ಹುಣಸೆಹಣ್ಣಿನ ಜಾಡಿ. ಗೋಣಿಯ ವಾಸನೆ, ಒಣಮೆಣಸಿನಕಾಯಿಯ ಘಾಟು, ಹಳೇ ಅಕ್ಕಿಯ ಸಿಹಿ ಧೂಳು. ಆ ಕೋಣೆಗೆ ಒಡತಿ ನಮ್ಮಜ್ಜಿ, ಅಪ್ಪನ ತಾಯಿ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಬೀಗ ಕೆಟ್ಟು ಎಷ್ಟೋ ವರ್ಷವಾಗಿತ್ತು, ಬೀಗದ ಕೈಗೆ ಮಾತ್ರ ಮರ್ಯಾದೆ ಹೋಗಿರಲಿಲ್ಲ.

ಅಪ್ಪನ ತಮ್ಮ ರಘು ಚಿಕ್ಕಪ್ಪ ಬ್ಯಾಂಕಿನಲ್ಲಿ ಗುಮಾಸ್ತ. ವಾರವಿಡೀ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಹಣೆಗೆ ತೆಳುವಾಗಿ ಗಂಧವಿಟ್ಟು ಹೋಗುತ್ತಿದ್ದ ಮನುಷ್ಯ ಭಾನುವಾರ ಬಂತೆಂದರೆ ಗಿಟಾರ್ ಎತ್ತಿಕೊಳ್ಳುತ್ತಿದ್ದ. ಅವನದೊಂದು ರಾಕ್ ಅಂಡ್ ರೋಲ್ ಬ್ಯಾಂಡು. ನಮ್ಮ ರಸ್ತೆಯ ಹೆಸರನ್ನೇ ಅದಕ್ಕಿಟ್ಟು 'ಫಿಫ್ತ್ ಮೇನ್' ಎಂದು ಕರೆದುಕೊಂಡಿದ್ದರು. ಡ್ರಮ್ಸ್ ಬಾರಿಸುತ್ತಿದ್ದವನು ಮುನಿರಾಜು, ಚಿಕ್ಕಪ್ಪನ ಜೊತೆ ಓದಿದವನು, ತ್ಯಾಗರಾಜನಗರದವನು. ಅವರ ಮನೆಯವರಿಗೆ ಊರಿನಲ್ಲಿ ಇನ್ನೂ ಹೊಲವಿತ್ತು. ಅವರೆಕಾಯಿ ಕಾಲದಲ್ಲಿ ಅವನು ಒಂದು ಕೈಯಲ್ಲಿ ಡ್ರಮ್ಮಿನ ಕೋಲು, ಇನ್ನೊಂದರಲ್ಲಿ ಅವರೆಕಾಯಿ ಚೀಲ ಹಿಡಿದೇ ಬರುತ್ತಿದ್ದ. ಉಳಿದಿಬ್ಬರು ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರು, ಮನೆಯೂಟಕ್ಕಾಗಿಯೇ ಬ್ಯಾಂಡು ಸೇರಿದವರು ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು.

ಮೊದಮೊದಲು ಹಜಾರದಲ್ಲೇ ಅಭ್ಯಾಸ ನಡೆಯುತ್ತಿತ್ತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಜಗಲಿಗೆ ಬಂದು ಕೊಡೆ ಕುಟ್ಟಿ ಹೋದ ಮೇಲೆ, ಇನ್ನು ಇದನ್ನು ಮನೆಯಿಂದ ಆಚೆ ಹಾಕಬೇಕೆಂದು ಅಪ್ಪ ಹಟ ಹಿಡಿದರು. ದಾರಿ ತೋರಿಸಿದವಳು ಅಜ್ಜಿ. "ಉಗ್ರಾಣದಲ್ಲಿ ಬಾರಿಸ್ಕೊಳ್ರೋ. ಮೂಟೆಗಳು ಕೇಳಿಸ್ಕೊಳ್ತವೆ, ಅವಕ್ಕೇನೂ ಬೇಜಾರಾಗಲ್ಲ" ಅಂದಳು. ಅವಳು ತಮಾಷೆಗೆ ಹೇಳಿದ್ದೋ ತಿಳಿದು ಹೇಳಿದ್ದೋ, ಅಕ್ಕಿಮೂಟೆಗಳು ನಿಜಕ್ಕೂ ಅಷ್ಟು ಗದ್ದಲವನ್ನೂ ನುಂಗಿಕೊಂಡವು. ಅಂದಿನಿಂದ ಉಗ್ರಾಣವೇ ಅವರ ಕೋಣೆಯಾಯಿತು. ಅಜ್ಜಿಯ ಷರತ್ತು ಒಂದೇ: ದೇವರ ನೈವೇದ್ಯವಾಗುವವರೆಗೆ ಯಾರೂ ಒಂದು ತಂತಿಯನ್ನೂ ಮುಟ್ಟಬಾರದು. ಆಯುಧಪೂಜೆಗೆ ಗಿಟಾರು, ಡ್ರಮ್ಮು, ಆಂಪ್ಲಿಫೈಯರ್ ಎಲ್ಲಕ್ಕೂ ಅವಳೇ ಗಂಧ ಕುಂಕುಮ ಹಚ್ಚುತ್ತಿದ್ದಳು. ಮುನಿರಾಜು ತನ್ನ ಡ್ರಮ್ಮಿನ ಮೇಲಿನ ಕುಂಕುಮವನ್ನು ಒರೆಸುತ್ತಲೇ ಇರಲಿಲ್ಲ, ಬಾರಿಸುತ್ತಾ ಬಾರಿಸುತ್ತಾ ಅದೇ ಹೋಗಬೇಕು. ಹಾಡುಗಳ ಬಗ್ಗೆ ಮಾತ್ರ ಅಜ್ಜಿಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. "ಹಲ್ಲುನೋವು ಬಂದೋನು ಡಾಕ್ಟರ ಬಾಗಿಲು ಬಡಿದ ಹಾಗಿದೆ" ಎನ್ನುತ್ತಿದ್ದಳು. ಆದರೂ ಭಾನುವಾರ ಸಂಜೆ ಅವಳಿಗೆ ಉಗ್ರಾಣದಲ್ಲಿ ಏನಾದರೂ ಕೆಲಸವಿದ್ದೇ ಇರುತ್ತಿತ್ತು.

ಅಂಥದೊಂದು ಸಂಜೆ ನಾನು ರಾಗಿಮೂಟೆಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದೆ. ಹೊಸ ಹಾಡು ಹೇಗೆ ಬರುತ್ತದೆ ನೋಡೋಣವೆಂದು ಚಿಕ್ಕಪ್ಪ ಟೇಪ್ ರೆಕಾರ್ಡರನ್ನು ಅಕ್ಕಿಮೂಟೆಯ ಮೇಲಿಟ್ಟು ಗುಂಡಿ ಒತ್ತಿದ್ದ. ಅಷ್ಟರಲ್ಲಿ ಅಜ್ಜಿ ಪಾತ್ರೆ ಹಿಡಿದು ಒಳಗೆ ಬಂದಳು. "ಸ್ವಲ್ಪ ನಿಲ್ಸ್ರಪ್ಪ, ರಾತ್ರಿಗೆ ಅಕ್ಕಿ ಅಳೆದ್ಕೊಂಡು ಹೋಗ್ತೀನಿ. ನೀವೂ ಎಲ್ಲಾ ಇಲ್ಲೇ ತಾನೆ ಊಟಕ್ಕೆ" ಅಂದಳು. ಎಲ್ಲರೂ ಕೈ ನಿಲ್ಲಿಸಿದರು. ಅಜ್ಜಿ ಮೂಟೆಗೆ ಬಗ್ಗಿ ಹಿತ್ತಾಳೆ ಪಾವು ತುಂಬಿಕೊಂಡು "ಲಾಭ" ಎಂದು ಸುರಿದಳು. ಮೊದಲ ಅಳತೆಗೆ ಒಂದು ಎನ್ನುವುದಿಲ್ಲವಲ್ಲ, ಲಾಭ ಎನ್ನಬೇಕು. ನಮ್ಮ ಮನೆಯಲ್ಲಿ ಉದ್ದಿನಬೇಳೆ ಅಳೆದರೂ ಹಾಗೇ. ಅವಳ ಎಣಿಕೆಗೆ ಒಂದು ಎಳೆತವಿತ್ತು, ಅಕ್ಕಿ ಪಾತ್ರೆಗೆ ಬಿದ್ದು ಸದ್ದು ಅಡಗುವವರೆಗೂ ಆ ಅಂಕಿ ಅವಳ ಬಾಯಲ್ಲೇ ಉಳಿಯುತ್ತಿತ್ತು. ಎರಡು. ಮುನಿರಾಜು ಸುಮ್ಮನಿರಲಾರದೆ ಕೋಲಿನಿಂದ ಡ್ರಮ್ಮಿನ ಅಂಚನ್ನು ಮೆಲ್ಲಗೆ ತಟ್ಟಿದ. ಮೂರು. ಚಿಕ್ಕಪ್ಪ ಅವನ ಮುಖ ನೋಡಿದ. ಅಜ್ಜಿ "ನಾಲ್ಕು" ಎಂದು ಸುರಿಯುವುದಕ್ಕೂ ಮುನಿರಾಜುವಿನ ಎರಡೂ ಕೈ ಬೀಳುವುದಕ್ಕೂ ಸರಿಹೋಯಿತು. ಉಳಿದ ಮೂವರೂ ಹಿಂದೆಯೇ ನುಗ್ಗಿದರು. ಅಜ್ಜಿ ಬೆಚ್ಚಿ ಪಾತ್ರೆಯನ್ನು ಎದೆಗವಚಿಕೊಂಡು, "ಅಯ್ಯೋ ನಿನ್ನ, ಎದೆ ಒಡೆದುಹೋಯ್ತಲ್ಲೋ" ಎಂದು ನಕ್ಕಳು. ಆ ನಗುವೂ ಟೇಪಿನಲ್ಲಿತ್ತು, ಹಾಡಿನ ಮೊದಲ ಸಾಲಿನ ಕೆಳಗೆ. ಆಮೇಲೆ ಮುನಿರಾಜು, "ಅಜ್ಜಿ, ಇನ್ಮೇಲೆ ಎಲ್ಲಾ ಹಾಡಿಗೂ ನೀವೇ ಎಣಿಸ್ಬೇಕು. ನಾನು ಒನ್ನು ಟೂ ಅಂದ್ರೆ ಇವರು ಈ ಥರ ಏಳೋದೇ ಇಲ್ಲ" ಎಂದ.

ಅವರು ಆ ವೇಳೆಗೆ ತಾವೇ ಎರಡು ಕ್ಯಾಸೆಟ್ ಮಾಡಿಸಿದ್ದರು. ಇಲ್ಲಿ ಅವನ್ನು ಕೇಳುವವರೇ ಇರಲಿಲ್ಲ. ಯಾವುದೋ ಕಂಪನಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಜಪಾನಿನವರೊಬ್ಬರು ಕಾಲೇಜಿನ ಹಬ್ಬದಲ್ಲಿ ಇವರನ್ನು ಕೇಳಿ, ಹುಡುಕಿಕೊಂಡು ಮನೆಗೇ ಬಂದರು. ತಮ್ಮೂರಿನ ಸಣ್ಣದೊಂದು ಸಂಗೀತ ಕಂಪನಿ ಅವರಿಗೆ ಗೊತ್ತಂತೆ. ಎರಡು ಕ್ಯಾಸೆಟ್ಟಿನಿಂದ ಹಾಡುಗಳನ್ನು ಆರಿಸಿ, ಜಪಾನಿನಲ್ಲಿ ಮಾರುವುದಕ್ಕೆಂದೇ ಒಂದು ಆಲ್ಬಂ ತರುತ್ತಾರಂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಅಪ್ಪ ಅಂದು ಮೊದಲ ಸಲ ತಮ್ಮನ ಪರವಾಗಿ ಬಳಸಿದರು. ಬಂದವರು ಶೂಗಳನ್ನು ಜಗಲಿಯ ಕೆಳಗೆ ಒಪ್ಪವಾಗಿ ಜೋಡಿಸಿಟ್ಟು, ಅಜ್ಜಿ ಕೊಟ್ಟ ಆಂಬೊಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದರು. ಅಜ್ಜಿಗೆ ಅಷ್ಟು ಸಾಕಾಯಿತು. ಅಲ್ಲಿ ಬಿಡುವ ಆಲ್ಬಮಿಗೆ ಬೇರೆಲ್ಲೂ ಇಲ್ಲದ ಒಂದು ಹಾಡನ್ನು ಹೆಚ್ಚಿಗೆ ಸೇರಿಸುವುದು ರೂಢಿ ಎಂದು ಅವರು ಹೇಳಿದ್ದನ್ನು ಚಿಕ್ಕಪ್ಪ ಕನ್ನಡದಲ್ಲಿ ವಿವರಿಸಿದ.

"ಅಂದ್ರೆ ಕೊಸರು" ಅಂದಳು ಅಜ್ಜಿ.

"ಹೂಂ ಕಣಮ್ಮ, ಕೊಸರೇ."

"ಕೊಸರು ಕೊಡೋವಾಗ ಕೈ ಹಿಡೀಬೇಡ. ಚೆನ್ನಾಗಿರೋದನ್ನೇ ಕೊಡು."

ಚಿಕ್ಕಪ್ಪ ಒಳಗೆ ಹೋಗಿ ಉಗ್ರಾಣದ ಆ ಕ್ಯಾಸೆಟ್ ತಂದುಕೊಟ್ಟ. ನಕಲು ಮಾಡಿದರೆ ಸದ್ದು ಕೆಡುತ್ತದೆ, ಮೂಲವೇ ಇರಲಿ, ಕೆಲಸವಾದ ಮೇಲೆ ಹಿಂದಿರುಗಿಸುತ್ತೇನೆ ಎಂದು ಅವರು ಅದನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡರು.

ಆಮೇಲೆ ಬಹಳ ಕಾಲ ಏನೂ ಸುದ್ದಿಯಿಲ್ಲ. ಆ ನಡುವೆ ಒಂದು ಬೆಳಗ್ಗೆ ಹಂಡೆಗೆ ನೀರು ತುಂಬುತ್ತಿದ್ದ ಅಜ್ಜಿ ಬಚ್ಚಲಲ್ಲಿ ಕುಸಿದುಬಿದ್ದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಆಸ್ಪತ್ರೆಯಿಂದ ಬಂದವಳನ್ನು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆವು. ಅವಳು ಬಾಯಿ ತೆರೆಯುತ್ತಿದ್ದಳು, ಏನೂ ಬರುತ್ತಿರಲಿಲ್ಲ, ಮತ್ತೆ ಮುಚ್ಚುತ್ತಿದ್ದಳು. ಅಷ್ಟು ಉದ್ದದ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದೆವು. ಬ್ಯಾಂಡು ತಾನಾಗಿ ನಿಂತಿತು. ಅಕ್ಕಿ ಅಳೆಯುವ ಕೆಲಸ ಅಮ್ಮನಿಗೆ ಬಂತು, ಅಮ್ಮ ಮನಸ್ಸಿನಲ್ಲೇ ಎಣಿಸುವವಳು. ಆಗಿನ ಮನೆಗಳಲ್ಲಿ ಯಾರು ಯಾರ ದನಿಯನ್ನು ಹಿಡಿದಿಡುತ್ತಿದ್ದರು ಹೇಳಿ? ಅಜ್ಜಿಯ ಫೋಟೋಗಳಿದ್ದವು, ಎಲ್ಲದರಲ್ಲೂ ಬಾಯಿ ಮುಚ್ಚಿ ಗಂಭೀರವಾಗಿ ನಿಂತಿದ್ದಳು. ಅವಳ ದನಿ ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ, ಅದು ಕಡಲಾಚೆ ಹೋಗಿತ್ತು. ಚಿಕ್ಕಪ್ಪ ಜಪಾನಿಗೆ ಕಾಗದದ ಮೇಲೆ ಕಾಗದ ಬರೆದ. ಅವನಿಗೆ ಆಲ್ಬಂ ಬೇಕಿರಲಿಲ್ಲ, ಹೆಸರು ಬೇಕಿರಲಿಲ್ಲ, ಅಮ್ಮನ ದನಿ ಇನ್ನೊಂದು ಸಲ ಕೇಳಬೇಕಿತ್ತು. "ಆ ಕ್ಯಾಸೆಟ್ ಕೊಡಬಾರದಾಗಿತ್ತು ಅತ್ತಿಗೆ" ಎಂದು ಅಡುಗೆಮನೆಯ ಹೊಸಿಲ ಮೇಲೆ ಕೂತು ಹೇಳುತ್ತಿದ್ದ. "ಬರತ್ತೆ ಬಿಡಪ್ಪ ರಘು" ಎನ್ನುತ್ತಿದ್ದಳು ಅಮ್ಮ.

ಆಯುಧಪೂಜೆಯ ಹಿಂದಿನ ದಿನ ಪಾರ್ಸೆಲ್ ಬಂತು. ಕ್ಯಾಸೆಟ್ ಇರಲಿಲ್ಲ. ತೆಳುವಾದ ಪೆಟ್ಟಿಗೆಯಲ್ಲಿ ಒಂದೇ ಒಂದು ಸೀಡಿ. ಉಳಿದ ಪ್ರತಿಗಳೂ ಕ್ಯಾಸೆಟ್ಟೂ ಆಮೇಲೆ ಬರುತ್ತವೆ ಎಂದು ಒಂದು ಚೀಟಿ. ಪೆಟ್ಟಿಗೆಯ ಪಕ್ಕಕ್ಕೆ ಜಪಾನಿ ಅಕ್ಷರಗಳ ಕಾಗದದ ಪಟ್ಟಿ ಸುತ್ತಿತ್ತು, ಮೇಲೆ ನಮ್ಮ ಜಗಲಿಯಲ್ಲಿ ನಾಲ್ವರೂ ಕೂತ ಚಿತ್ರ. ಹಿಂದುಗಡೆ ಹಾಡುಗಳ ಹೆಸರು, ಕಟ್ಟಕಡೆಯದು ಕೊಸರಿನ ಹಾಡು. ಆ ಹಾಡಿಗೆ ಇವರು ಹೆಸರನ್ನೇ ಇಟ್ಟಿರಲಿಲ್ಲ, ಅಲ್ಲಿನವರು ಎಣಿಕೆಯ ಮೊದಲ ಮಾತನ್ನೇ ಹೆಸರು ಮಾಡಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿದ್ದ ಅದನ್ನು ಚಿಕ್ಕಪ್ಪ ಜೋರಾಗಿ ಓದಿದ: "ಲಾಭ." ಓದಿ ಜಗಲಿಯ ಮೇಲೆ ಕೂತ. ಅಳುತ್ತಿದ್ದಾನೋ ನಗುತ್ತಿದ್ದಾನೋ ನನಗೆ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಸೀಡಿ ಹಾಕುವ ಯಂತ್ರವಿರಲಿಲ್ಲ. ಮುನಿರಾಜು ಮನೆಯಲ್ಲಿತ್ತು, ಫೋನು ಮಾಡಿದರೆ ಅವನು, "ನಾಳೆ ಪೂಜೆಗೆ ಅಂತ ನಮ್ಮಮ್ಮ ಎಲ್ಲಾ ಒರೆಸಿ ಜೋಡಿಸ್ಬಿಟ್ಟಿದಾರೆ ಗುರು. ವಿಜಯದಶಮಿ ದಿನ ನಾನೇ ಹೊತ್ಕೊಂಡು ಬರ್ತೀನಿ" ಎಂದ. ಪೂಜೆಗಿಟ್ಟದ್ದನ್ನು ನಡುವೆ ಮುಟ್ಟುವ ಹಾಗಿಲ್ಲ. ಇಷ್ಟು ಕಾದವರಿಗೆ ಇನ್ನೆರಡು ದಿನ ಹೆಚ್ಚೇ ಎಂದು ಚಿಕ್ಕಪ್ಪ ಒಪ್ಪಿಕೊಂಡ. ಅಜ್ಜಿಯ ಎದುರು ಕೂತು, "ಅಮ್ಮಾ, ನಾಡಿದ್ದು ನಿಂಗೊಂದು ಕೇಳಿಸ್ತೀನಿ. ಏನು ಅಂತ ಈಗ ಹೇಳಲ್ಲ" ಅಂದ.

ಮರುದಿನ ಉಗ್ರಾಣದಲ್ಲಿ ಮಣೆಯ ಮೇಲೆ ಗಿಟಾರು, ಆಂಪ್ಲಿಫೈಯರ್, ನನ್ನ ಪುಸ್ತಕಗಳು, ಅಮ್ಮನ ಈಳಿಗೆ, ಎಲ್ಲಕ್ಕಿಂತ ಮುಂದೆ ಪೆಟ್ಟಿಗೆಯಿಂದ ತೆಗೆದ ಸೀಡಿ. ಅಜ್ಜಿಯನ್ನೂ ಕುರ್ಚಿಸಮೇತ ಅಲ್ಲಿಗೆ ಎತ್ತಿ ತಂದರು. ಅಮ್ಮ ಗಂಧದ ಬಟ್ಟಲು ಹಿಡಿದು ನಿಂತಿದ್ದಾಗ ಅಜ್ಜಿಯ ಎಡಗೈ ಮೆಲ್ಲಗೆ ಮೇಲೆದ್ದಿತು. ಕಾಯಿಲೆ ಬಿದ್ದಾಗಿನಿಂದ ಅವಳು ತಾನಾಗಿ ಏನನ್ನೂ ಕೇಳಿದ್ದಿಲ್ಲ. ಬಟ್ಟಲನ್ನು ತೋರಿಸಿ, ಸೀಡಿಯನ್ನು ತೋರಿಸಿ, ತಾನೇ ಹಚ್ಚುತ್ತೇನೆ ಎನ್ನುವಂತೆ ಕೈಯಾಡಿಸಿದಳು. ಅಮ್ಮನಿಗೆ ಕಣ್ಣು ತುಂಬಿ ಬಂತು. ಚಿಕ್ಕಪ್ಪ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಒದ್ದೆ ಗಂಧ ಹಾಡಿಗೆ ತಾಗಬಾರದು ಎಂಬಷ್ಟು ಅವನಿಗೆ ಗೊತ್ತಿತ್ತು. ಅದಕ್ಕೇ ಸೀಡಿಯನ್ನು ಜೋಪಾನವಾಗಿ ತಿರುವಿ, ಮಿರುಗುವ ಮುಖ ಕೆಳಗೆ ಮಾಡಿ, ಅಕ್ಷರ ಅಚ್ಚಾದ ಮುಖವನ್ನು ಅವಳ ತೊಡೆಯ ಮೇಲೆ ಹಿಡಿದ. "ಈ ಕಡೆ ಹಚ್ಚಮ್ಮ" ಎಂದ. ಅಜ್ಜಿ ಹೊಸ ಪಾತ್ರೆಗೆ, ಹೊಸಿಲಿಗೆ ಹಚ್ಚುವ ಹಾಗೆಯೇ ಅಂಚಿನಲ್ಲಿ ನಾಲ್ಕು ದಿಕ್ಕಿಗೂ ದಪ್ಪವಾಗಿ ಗಂಧ ಒತ್ತಿ, ಅದರ ಮೇಲೆ ಕುಂಕುಮವಿಟ್ಟಳು. ಜಾಗ ಒಂದೂ ತಪ್ಪಲಿಲ್ಲ. ಅಷ್ಟು ಸಂತೋಷದ ಪೂಜೆ ನಮ್ಮ ಮನೆಯಲ್ಲಿ ಮತ್ತೆ ನಡೆಯಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ಮುನಿರಾಜು ಯಂತ್ರ ತಂದು ನಡುಮನೆಯಲ್ಲಿಟ್ಟ. ಒಣಗಿದ ಗಂಧವನ್ನು ಚಿಕ್ಕಪ್ಪ ಉಗುರಿನಿಂದ ಮೆಲ್ಲಗೆ ಬಿಡಿಸಿದ. ಗಂಧದ ಹಕ್ಕಳೆಯ ಜೊತೆ ಬೆಳ್ಳಿಬಣ್ಣದ ಪೊರೆಯಂಥದ್ದೇನೋ ಚೂರುಚೂರಾಗಿ ಎದ್ದು ಬಂತು. ಬಣ್ಣವಿರಬೇಕು ಎಂದುಕೊಂಡೆವು. ಮಿರುಗುವ ಮುಖಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಹಾಡುಗಳು ಒಂದಾದ ಮೇಲೊಂದು ಬಂದವು, ಅಷ್ಟು ಚೆನ್ನಾಗಿ ನಾವು ಅವನ್ನು ಕೇಳಿದ್ದೇ ಇಲ್ಲ. ಎಂದೂ ಕೂತು ಕೇಳದ ಅಪ್ಪ ಗೋಡೆಗೊರಗಿ ಕೂತು ಕೇಳಿದರು. ಚಿಕ್ಕಪ್ಪ ಅಜ್ಜಿಯ ಕಾಲ ಬಳಿ ಕೂತಿದ್ದ. ಕೊನೆಯ ಹಾಡಿಗೆ ಬಂದಾಗ ಅವನು ಅವಳ ಎಡಗೈ ಹಿಡಿದುಕೊಂಡ. ಮೊದಲು ಗೋಣಿಯ ಸರಪರ, ಬಳೆ ತಾಗಿದ ಸದ್ದು. ಆಮೇಲೆ ಅಜ್ಜಿಯ ದನಿ ಬರಬೇಕಾದ ಕಡೆ ಟಕ್, ಟಕ್, ಟಕ್. ಯಂತ್ರ ತಡವರಿಸಿ ನಿಂತಿತು. ಮುನಿರಾಜು ತೆಗೆದು ಒರೆಸಿ ಹಾಕಿದ. ಬಳೆಯ ಸದ್ದು, ಟಕ್, ಟಕ್. ಮತ್ತೆ ತೆಗೆದು ಬೆಳಕಿಗೆ ಹಿಡಿದ. ಅಂಚಿನಲ್ಲಿ ನಾಲ್ಕು ಕಡೆ ಸೀಡಿಯ ಮೂಲಕ ಕಿಟಕಿಯ ಬೆಳಕು ಕಾಣುತ್ತಿತ್ತು. ನಾವೆಲ್ಲ ಏನಕ್ಕೆ ಕಾಯುತ್ತಿದ್ದೇವೆಂದು ತಿಳಿಯದೆ ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಏನೆಂದು ಹೇಳುವುದು? ಚಿಕ್ಕಪ್ಪನೇ, "ಮುಗೀತಮ್ಮ. ಚೆನ್ನಾಗಿತ್ತಲ್ವಾ" ಎಂದ. ಅಜ್ಜಿ ತಲೆಯಾಡಿಸಿ, ಎಡಗೈಯಿಂದ ಅವನ ತಲೆ ಸವರಿದಳು.

ಕೆಲವು ದಿನಗಳ ಮೇಲೆ ಮುನಿರಾಜು ಯಾರೋ ತಿಳಿದವರನ್ನು ಕೇಳಿಕೊಂಡು ಬಂದ. ಜಗಲಿಯ ಮೇಲೆ ಚಿಕ್ಕಪ್ಪನ ಪಕ್ಕ ಕೂತು, "ನಾವು ತಿಳ್ಕೊಂಡಿದ್ದು ಉಲ್ಟಾ ಗುರು. ಹಾಡಿರೋದು ಅಚ್ಚಿನ ಕೆಳಗೇನೇ ಅಂತೆ. ಮಿರುಗೋ ಕಡೆ ದಪ್ಪ ಪ್ಲಾಸ್ಟಿಕ್ ಇರತ್ತೆ, ಅಲ್ಲಿ ಹಚ್ಚಿದ್ರೆ ಗಂಧ ಒರೆಸಿದ್ರೆ ಹೋಗೋದು. ಹಾಡು ಒಳಗಿಂದ ಆಚೆಗೆ ಓಡತ್ತಂತೆ, ಕೊನೇ ಹಾಡು ಅಂಚಿಗೆ ಬರತ್ತೆ" ಎಂದ.

"ನಾನೇ ತಿರುಗಿಸಿ ಹಿಡಿದೆ ಮಗಾ" ಅಂದ ಚಿಕ್ಕಪ್ಪ. ಮುನಿರಾಜು ಅವನ ಬೆನ್ನ ಮೇಲೆ ಕೈಯಿಟ್ಟು ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಒಳಗೆ ಅಮ್ಮ ಕಣ್ಣೊರೆಸಿಕೊಂಡಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ತಪ್ಪು ಮಾಡಿದವರು ಯಾರೂ ಇರಲಿಲ್ಲ, ಅದೇ ತಡೆಯಲಾಗದ ಸಂಕಟ.

ಉಳಿದ ಪ್ರತಿಗಳು ಬರಲಿಲ್ಲ. ಕಂಪನಿ ಮುಚ್ಚಿಹೋಯಿತೆಂದು ಗೊತ್ತಾಗುವ ಹೊತ್ತಿಗೆ ಚಿಕ್ಕಪ್ಪನ ಕಾಗದಗಳು ಹಾಗೇ ವಾಪಸು ಬರತೊಡಗಿದ್ದವು. ಆ ಚಳಿಗಾಲ ದಾಟುವ ಮುನ್ನ ಅಜ್ಜಿ ಹೋದಳು. ಮನೆ ಅಪ್ಪನ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮಾರಾಟವಾಯಿತು. ಕೆಡವುವ ದಿನ ನಾನು ಹೋಗಿ ನೋಡಿದೆ, ಉಗ್ರಾಣದ ಗೋಡೆ ಬಿದ್ದಾಗ ಮಾತ್ರ ಒಣಮೆಣಸಿನಕಾಯಿಯ ಘಾಟು ಎದ್ದು ಕೂಲಿಯವರೆಲ್ಲ ಕೆಮ್ಮಿದರು. ನಾನೂ ಕೆಮ್ಮಿದೆ, ಅತ್ತದ್ದು ಯಾರಿಗೂ ತಿಳಿಯಲಿಲ್ಲ. ಮುನಿರಾಜು ಸೈಟಿನ ವ್ಯವಹಾರಕ್ಕೆ ಇಳಿದ. ಮತ್ತಿಕೆರೆಯ ಹುಡುಗರು ಎಲ್ಲಿದ್ದಾರೋ.

ಕಾಲೇಜು ಮುಗಿಸಿದ ವರ್ಷ ಬಸವನಗುಡಿಯ ಸೈಬರ್ ಕೆಫೆಯೊಂದರಲ್ಲಿ ಕೂತು ಆ ಆಲ್ಬಮಿಗಾಗಿ ಹುಡುಕುತ್ತಿದ್ದೆ. ಒಂದು ಸಂಜೆ ಸಿಕ್ಕಿತು, ಆಲ್ಬಂ ಅಲ್ಲ, ಅದರ ಬಗ್ಗೆ ಯಾರೋ ಬರೆದ ನಾಲ್ಕು ಸಾಲು. ಹರುಕುಮುರುಕು ಇಂಗ್ಲಿಷಿನಲ್ಲಿ, ಕೊನೆಯ ಹಾಡೇ ಎಲ್ಲಕ್ಕಿಂತ ಚೆಂದ, ಮೊದಲಿಗೆ ಒಬ್ಬ ವೃದ್ಧೆ ಮಂತ್ರ ಹೇಳುತ್ತಾರೆ, ಬೇಸರವಾದಾಗಲೆಲ್ಲ ಅದನ್ನು ಕೇಳುತ್ತೇನೆ, ಎಂದಿತ್ತು. ನನಗೆ ಅಲ್ಲೇ ನಗು ಬಂತು, ಆಮೇಲೆ ತಡೆಯಲಾರದ ಹೊಟ್ಟೆಕಿಚ್ಚು. ರಾತ್ರಿಯೂಟದ ಅಕ್ಕಿಯ ಲೆಕ್ಕ ಅದು, ನಮ್ಮಜ್ಜಿಯದು, ದಯವಿಟ್ಟು ನಮಗೊಂದು ನಕಲು ಕಳಿಸಿ ಎಂದು ಬರೆದೆ. ಉತ್ತರ ಬರಲಿಲ್ಲ. ಮತ್ತೆ ಹೋಗಿ ನೋಡುವಷ್ಟರಲ್ಲಿ ಆ ಪುಟವೂ ಇರಲಿಲ್ಲ. ಯಾರೋ ಒಬ್ಬರ ಮನೆಯಲ್ಲಿ, ನಮ್ಮ ಭಾಷೆ ಬಾರದವರ ಮನೆಯಲ್ಲಿ, ನಮ್ಮಜ್ಜಿ ಇನ್ನೂ ಅಕ್ಕಿ ಅಳೆಯುತ್ತಿದ್ದಾಳೆ, ಬೆಚ್ಚಿ ನಗುತ್ತಿದ್ದಾಳೆ. ನಾವು ಕೇಳುವ ಹಾಗಿಲ್ಲ.

ಚಿಕ್ಕಪ್ಪ ಈಗ ತ್ಯಾಗರಾಜನಗರದಲ್ಲಿದ್ದಾನೆ, ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಆಯುಧಪೂಜೆಗೆ ಆ ಸೀಡಿಯನ್ನು ತಪ್ಪದೆ ಮಣೆಯ ಮೇಲಿಟ್ಟು, ಅವಳು ಇಟ್ಟಿದ್ದ ಜಾಗದಲ್ಲೇ ನಾಲ್ಕು ಕಡೆ ಗಂಧ ಹಚ್ಚುತ್ತಾನೆ. ಇನ್ನು ಕೆಡುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಹಿತ್ತಾಳೆ ಪಾವು ನನ್ನ ಪಾಲಿಗೆ ಬಂತು. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಸಂಜೆ ಡಬ್ಬಿಯಿಂದ ಅಕ್ಕಿ ತುಂಬಿಕೊಂಡು ಅಜ್ಜಿಯ ಹಾಗೆಯೇ ಎಳೆದು "ಲಾಭ" ಎನ್ನುತ್ತೇನೆ. ನಮ್ಮಿಬ್ಬರಿಗೆ ಒಂದು ಪಾವು ಧಾರಾಳವಾಯಿತು. ಎರಡಕ್ಕೆ ಹೋಗುವ ಹಾಗಿಲ್ಲ.